ಅಪ್ಪನಿಗೆ ರಾಜ್, ಅಮ್ಮನಿಗೆ ಅನಂತ್, ನನಗೆ ಥ್ರಿಲ್ಲರ್: ಹಳೆಯ ಕನ್ನಡ ಸಿನಿಮಾ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಆದರೆ ಕನ್ನಡ ಸಿನಿಮಾ ಅಂತ ನೋಡಿದ್ದು ‘ಕಿರಿಕ್ ಪಾರ್ಟಿ’, ‘ಕೆಜಿಎಫ್’, ‘ಕಾಂತಾರ’ ಅಷ್ಟೇ. ಈಗ ಹಳೆಯದನ್ನೆಲ್ಲ ನೋಡುವ ಆಸೆಯಾಗಿದೆ. ಅಪ್ಪ ರಾಜ್‌ಕುಮಾರ್ ಅಭಿಮಾನಿ. ಅಮ್ಮನಿಗೆ ಅನಂತ್‌ನಾಗ್ ಅಂದ್ರೆ ಪ್ರಾಣ. ನನಗೆ ಥ್ರಿಲ್ಲರ್, ಕಾಮಿಡಿ ಇಷ್ಟ. ಅವಾರ್ಡ್ ಸಿನಿಮಾ ಅಂದ್ರೆ ಸ್ವಲ್ಪ ಭಯ. ಯಾವ ಥರದ ಸಿನಿಮಾ, ಯಾವ ಕಾಲದ್ದು, ಯಾವ ನಟರದ್ದು ಅಂತ ವಿಂಗಡಿಸಿ ಪಟ್ಟಿ ಕೊಡ್ತೀರಾ?

ಉತ್ತರ: ಕೊಡುತ್ತೇನೆ, ಆದರೆ ಒಂದು ಷರತ್ತು. ನಟನ ಹೆಸರು ಬರೆದುಕೊಂಡ ಕಡೆಯೆಲ್ಲ ಪಕ್ಕದಲ್ಲಿ ನಿರ್ದೇಶಕರ ಹೆಸರನ್ನೂ ಬರೆದುಕೊಳ್ಳಿ. ರಾಜ್‌ಕುಮಾರ್ ಇನ್ನೂರಕ್ಕೂ ಜಾಸ್ತಿ ಸಿನಿಮಾ ಮಾಡಿದವರು. ವಿಷ್ಣುವರ್ಧನ್ ಕೂಡ ಇನ್ನೂರು ದಾಟಿದವರು. ಅಷ್ಟರಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಚಿನ್ನವೂ ಸಿಗಬಹುದು, ಅರ್ಧಕ್ಕೇ ಎದ್ದು ಹೋಗುವಂಥದ್ದೂ ಸಿಗಬಹುದು. ಅದೇ ನಟ ಯಾರ ಕೈಯಲ್ಲಿದ್ದಾಗ ಹೇಗೆ ಮಾಡಿದರು ಅಂತ ಗೊತ್ತಿದ್ದರೆ ಆಯ್ಕೆ ಸುಲಭ. ನಿಮ್ಮ ಮೂರು ವಿಂಗಡಣೆಯೂ ಈ ಒಂದು ದಾರಿಯಲ್ಲೇ ಸಿಗುತ್ತದೆ.

ಇನ್ನೊಂದು ಮಾತು. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ (ಮಾತಿನ ಚಿತ್ರ), 1954ರ ‘ಬೇಡರ ಕಣ್ಣಪ್ಪ’ ರಾಜ್ ನಾಯಕನಾದ ಮೊದಲ ಚಿತ್ರ. ಇದೆಲ್ಲ ಗೊತ್ತಿರಲಿ, ಆದರೆ ಅಲ್ಲಿಂದ ವರ್ಷ ವರ್ಷ ಹತ್ತುತ್ತಾ ಬರಬೇಡಿ. ಹಾಗೆ ಹೊರಟವರು 1970 ತಲುಪುವ ಮೊದಲೇ ಸುಸ್ತಾಗುತ್ತಾರೆ. ನಿಮಗೆ ಈಗಾಗಲೇ ಏನು ರುಚಿಸುತ್ತದೋ ಅಲ್ಲಿಂದ ಹಿಂದಕ್ಕೆ ಹೋಗಿ.

ಮೊದಲು ನಿಮ್ಮ ಥ್ರಿಲ್ಲರ್

ಇಲ್ಲಿ ಮೊದಲ ಹೆಸರು ಸುನೀಲ್ ಕುಮಾರ್ ದೇಸಾಯಿ. 1989ರ ‘ತರ್ಕ’ ನೋಡಿ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಇದ್ದಾರೆ. ಹಾಡು ಒಂದೂ ಇಲ್ಲ. ಊರೆಲ್ಲ ಹಂಸಲೇಖ ಹಾಡುಗಳ ಕ್ಯಾಸೆಟ್ ತಿರುಗುತ್ತಿದ್ದ ಕಾಲದಲ್ಲಿ ಹಾಡಿಲ್ಲದ ಸಿನಿಮಾ ಮಾಡುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಯೋಚಿಸಿ. ಇಂದಿನ ಕಣ್ಣಿಗೆ ಒಂದೆರಡು ತಿರುವು ಮೊದಲೇ ಹೊಳೆಯಬಹುದು. ಆದರೂ ಬಿಗಿ ಹಾಗೇ ಇದೆ.

ಆಮೇಲೆ ಅವರದೇ ‘ನಿಷ್ಕರ್ಷ’ (1993). ಮಣಿಪಾಲದ ದೊಡ್ಡ ಕಟ್ಟಡದೊಳಗಿನ ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ, ಒಳಗಿದ್ದವರು ಒತ್ತೆಯಾಳಾಗುತ್ತಾರೆ. ಹೊರಗೆ ಅನಂತ್‌ನಾಗ್ ಪೊಲೀಸ್ ಅಧಿಕಾರಿ, ಒಳಗೆ ನುಸುಳುವ ಕಮಾಂಡೋ ವಿಷ್ಣುವರ್ಧನ್. ಖಳ ಬಿ.ಸಿ. ಪಾಟೀಲ್ ಪೊಲೀಸ್ ಇಲಾಖೆಯಿಂದಲೇ ಬಂದವರು, ಮುಂದೆ ರಾಜಕೀಯಕ್ಕೆ ಹೋಗಿ ಮಂತ್ರಿಯೂ ಆದರು! ನನ್ನ ಪ್ರಕಾರ ವಿಷ್ಣುವರ್ಧನ್ ಅವರನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಚೆನ್ನಾಗಿ ಬಳಸಿದ ಆ್ಯಕ್ಷನ್ ಸಿನಿಮಾ ಇನ್ನೊಂದಿಲ್ಲ. ಇಷ್ಟವಾದರೆ ‘ಉತ್ಕರ್ಷ’ (1990), ‘ಸಂಘರ್ಷ’ (1993) ಇವೆ.

ದೇಸಾಯಿಗಿಂತ ಮೊದಲು ಯಾರಿದ್ದರು? ಕಾಶೀನಾಥ್. ಅವರ ಹೆಸರು ಹೇಳಿದರೆ ನಿಮ್ಮ ಅಪ್ಪ ಮುಗುಳ್ನಗಬಹುದು, ಯಾಕೆಂದರೆ ‘ಅನುಭವ’ದಂಥ ಸಿನಿಮಾಗಳಿಂದ ಅವರಿಗೆ ಬೇರೆಯದೇ ಹೆಸರು ಅಂಟಿಕೊಂಡಿತು. ಆದರೆ 1978ರಲ್ಲಿ ಅವರು ಮಾಡಿದ ‘ಅಪರಿಚಿತ’ ಅಪ್ಪಟ ಸಸ್ಪೆನ್ಸ್. ಸುರೇಶ್ ಹೆಬ್ಳೀಕರ್ ಮತ್ತು ಶೋಭಾ ಮುಖ್ಯ ಪಾತ್ರದಲ್ಲಿದ್ದಾರೆ. ಕಾಶೀನಾಥ್ ಗರಡಿಯಿಂದ ಬಂದ ಉಪೇಂದ್ರ 1993ರಲ್ಲಿ ‘ಶ್!’ ಮಾಡಿದರು. ಶೂಟಿಂಗ್‌ಗೆ ಹೋದ ಸಿನಿಮಾ ತಂಡವನ್ನು ದೆವ್ವದ ಭಯ ಕಾಡುವ ಕಥೆ. ಹೆದರಿಕೆ ಮತ್ತು ನಗು ಎರಡೂ ಒಟ್ಟಿಗೆ ಬರುತ್ತವೆ, ಅಂದರೆ ನಿಮ್ಮ ಎರಡು ರುಚಿಗೂ ಒಂದೇ ಟಿಕೆಟ್.

ಶುದ್ಧ ದೆವ್ವದ ಸಿನಿಮಾ ಬೇಕಿದ್ದರೆ ‘ನಾ ನಿನ್ನ ಬಿಡಲಾರೆ’ (1979). ಇಲ್ಲಿ ದೆವ್ವ ಹಿಡಿಯುವುದು ನಾಯಕನಿಗೆ, ಅದೂ ಅನಂತ್‌ನಾಗ್‌ಗೆ. ಅಮ್ಮನನ್ನೂ ಕೂರಿಸಿಕೊಳ್ಳಿ. ‘ಆಪ್ತಮಿತ್ರ’ (2004) ಮಲಯಾಳಂ ಮೂಲದ ಕಥೆ. ಸೌಂದರ್ಯ ಅದರಲ್ಲಿ ಅಭಿನಯಿಸಿ, ಬಿಡುಗಡೆಗೆ ಮೊದಲೇ ತೀರಿಕೊಂಡರು. ಮೂಲವನ್ನು ನೋಡಿದ್ದರೂ ಅವರ ಅಭಿನಯಕ್ಕಾಗಿ ನೋಡಬೇಕು.

ಈಚಿನವುಗಳಲ್ಲಿ ‘ರಂಗಿತರಂಗ’ (2015), ಪವನ್ ಕುಮಾರ್ ಅವರ ‘ಯು ಟರ್ನ್’ (2016), ಡೇಟಾ ಕಳ್ಳತನದ ಸುತ್ತ ಹೆಣೆದ ‘ಗುಳ್ಟು’ (2018) ನೋಡಿ. ರಂಗಾಯಣ ರಘು ಅವರ ‘ಶಾಖಾಹಾರಿ’ (2024) ಬಿಡಬೇಡಿ. ಮಲೆನಾಡಿನ ಹೋಟೆಲ್ ಅಡುಗೆಯವನ ಸುತ್ತ ನಿಧಾನಕ್ಕೆ ಕುದಿಯುವ ಕಥೆ ಅದು. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಬಗ್ಗೆ ಅನಂತ್‌ನಾಗ್ ವಿಷಯ ಬಂದಾಗ ಹೇಳುತ್ತೇನೆ.

ಅಪ್ಪನ ರಾಜ್‌ಕುಮಾರ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ರಾಜ್ ಸಿನಿಮಾ’ ಅನ್ನುವ ಒಂದೇ ಜಾತಿ ಇಲ್ಲ. ದೊರೆ–ಭಗವಾನ್ ರಾಜ್ ಬೇರೆ, ಸಿದ್ದಲಿಂಗಯ್ಯನವರ ರಾಜ್ ಬೇರೆ, ಹುಣಸೂರು ಕೃಷ್ಣಮೂರ್ತಿಯವರ ರಾಜ್ ಇನ್ನೂ ಬೇರೆ.

ನಿಮಗೆ ಥ್ರಿಲ್ಲರ್ ಹುಚ್ಚಿರುವುದರಿಂದ ದೊರೆ–ಭಗವಾನ್ ಜೋಡಿಯಿಂದ ಒಳಗೆ ಬನ್ನಿ. 1968ರಲ್ಲಿ ಇವರು ‘ಜೇಡರ ಬಲೆ’ ಮಾಡಿದರು. ಧೋತಿ, ಕಿರೀಟ, ಭಕ್ತಿಯ ಪಾತ್ರಗಳಲ್ಲಿ ಜನ ಪೂಜಿಸುತ್ತಿದ್ದ ರಾಜ್ ಇಲ್ಲಿ ಸೂಟು ಹಾಕಿ, ಪಿಸ್ತೂಲು ಹಿಡಿದ ಸಿ.ಐ.ಡಿ. 999. ಬಾಂಡ್ ಮಾದರಿಯ ಪತ್ತೇದಾರ. ಇದು ಎಷ್ಟು ಹಿಡಿಸಿತು ಅಂದರೆ ಸರಣಿಯೇ ಆಯಿತು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ತನಕ ಬಂತು. ಕಥೆಯ ಲಾಜಿಕ್ ಹುಡುಕಬೇಡಿ. ಆ ಸೆಟ್ಟು, ಆ ಯಂತ್ರಗಳು, ಜಿ.ಕೆ. ವೆಂಕಟೇಶ್ ಸಂಗೀತ, ರಾಜ್ ಅವರ ನಡಿಗೆ ನೋಡಿ ಖುಷಿಪಡಿ.

ಅದೇ ದೊರೆ–ಭಗವಾನ್ ಮೂರು ವರ್ಷದ ಮೇಲೆ ‘ಕಸ್ತೂರಿ ನಿವಾಸ’ (1971) ಮಾಡಿದರು ಅಂದರೆ ನಂಬುವುದು ಕಷ್ಟ. ಬೆಂಕಿಪೊಟ್ಟಣ ಕಾರ್ಖಾನೆಯ ಸಾಹುಕಾರ. ಪೊಟ್ಟಣದ ಮೇಲೆ ಪಾರಿವಾಳದ ಗುರುತು. ಕೊಟ್ಟ ಕೈ ಎಂದೂ ಕೆಳಗಾಗಬಾರದು ಅನ್ನುವ ಹಟ. ಆಸ್ತಿ ಕರಗುತ್ತಾ ಹೋದಂತೆ ರಾಜ್ ತಮ್ಮ ಅಭಿನಯವನ್ನು ಕಡಿಮೆ ಮಾಡುತ್ತಾ ಹೋಗುತ್ತಾರೆ. ದನಿ ಇಳಿಯುತ್ತದೆ, ಬೆನ್ನು ಮಾತ್ರ ಬಾಗುವುದಿಲ್ಲ. ಕೊನೆಯಲ್ಲಿ ಆ ಪಾರಿವಾಳದ ವಿಷಯಕ್ಕೆ ಬರುವಾಗ ಕರ್ಚೀಫು ಹತ್ತಿರ ಇರಲಿ, ಇನ್ನೇನೂ ಹೇಳುವುದಿಲ್ಲ. ನಾನು ಒಂದೇ ಒಂದು ರಾಜ್ ಸಿನಿಮಾ ಹೇಳಬೇಕು ಅಂದರೆ ಇದನ್ನೇ ಹೇಳುವೆ. ಈ ಜೋಡಿಯದೇ ‘ಎರಡು ಕನಸು’ (1974) ಕೂಡ ಇದೆ. ಕಲ್ಪನಾ, ಮಂಜುಳಾ, ರಾಜನ್–ನಾಗೇಂದ್ರ ಹಾಡುಗಳು. ಪ್ರೇಮಕಥೆ ಬೇಕಾದವರಿಗೆ ಅದು.

ಸಿದ್ದಲಿಂಗಯ್ಯ ಹಳ್ಳಿಯ ಮನುಷ್ಯರನ್ನು ಬಲ್ಲವರು. ‘ಮೇಯರ್ ಮುತ್ತಣ್ಣ’ (1969) ಅವರ ಮೊದಲ ಚಿತ್ರ, ಹಗುರವಾಗಿದೆ. ‘ಬಂಗಾರದ ಮನುಷ್ಯ’ (1972) ಟಿ.ಕೆ. ರಾಮರಾವ್ ಅವರ ಕಾದಂಬರಿಯಿಂದ ಬಂದದ್ದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಿನಿಮಾ. ಇದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಮೊದಲರ್ಧ, ಅಂದರೆ ಬಂಡೆ ಒಡೆದು ಭೂಮಿ ಹಸನು ಮಾಡುವ ಭಾಗ, ಇಂದಿಗೂ ರೋಮಾಂಚನ. ಎರಡನೆಯ ಅರ್ಧದ ಕೌಟುಂಬಿಕ ಗೋಳು ನನಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಈ ಮಾತನ್ನು ಅಪ್ಪನ ಎದುರು ಹೇಳಬೇಡಿ.

ವಿಜಯ್ ಇನ್ನೊಬ್ಬ ದೊಡ್ಡ ನಿರ್ದೇಶಕರು. ‘ಗಂಧದ ಗುಡಿ’ (1973) ಕಾಡು, ಪ್ರಾಣಿ ಉಳಿಸಬೇಕು ಅಂತ ಹೇಳಿದ ಸಿನಿಮಾ, ಅದೂ ಆ ಕಾಲದಲ್ಲಿ. ರಾಜ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ಅಭಿನಯಿಸಿದ್ದು ಇದೊಂದರಲ್ಲೇ. ಆಮೇಲೆ ‘ಮಯೂರ’ (1975), ದೇವುಡು ಅವರ ಕಾದಂಬರಿ. ಇತಿಹಾಸದ ಸಿನಿಮಾಗಳಲ್ಲಿ ನನ್ನ ಆಯ್ಕೆ ಇದೇ. ‘ಸನಾದಿ ಅಪ್ಪಣ್ಣ’ (1977) ನೋಡುವಾಗ ಕಿವಿ ತೆರೆದಿರಲಿ. ತೆರೆಯ ಮೇಲೆ ರಾಜ್ ಊದುತ್ತಾರೆ, ಕೇಳಿಸುವುದು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ.

ಪೌರಾಣಿಕ ಅಂದರೆ ಹುಣಸೂರು ಕೃಷ್ಣಮೂರ್ತಿ. ನಿಮ್ಮ ವಯಸ್ಸಿನವರು ಪೌರಾಣಿಕ ಅಂದರೆ ಓಡುತ್ತಾರೆ, ಗೊತ್ತು. ಸುಮ್ನೆ ‘ಬಬ್ರುವಾಹನ’ (1977) ಹಾಕಿ. ಅರ್ಜುನನೂ ರಾಜ್, ಮಗ ಬಬ್ರುವಾಹನನೂ ರಾಜ್. ಅಪ್ಪ ಮಗನ ವಾಗ್ವಾದದ ಹಾಡಿನಲ್ಲಿ ಒಂದು ದನಿ ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್ ಅವರದು. ಮೊದಲೆಲ್ಲ ರಾಜ್ ಅಂದರೆ ಪಿ.ಬಿ.ಎಸ್. ದನಿ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿದ ಮೇಲೆ ರಾಜ್ ತಮ್ಮ ಹಾಡು ತಾವೇ ಹಾಡತೊಡಗಿದರು. ಹಾಗಾಗಿ ‘ಬಬ್ರುವಾಹನ’ದ ಆ ಹಾಡಿನಲ್ಲಿ ಅವರ ಹಳೆಯ ದನಿಯೂ ಹೊಸ ದನಿಯೂ ಎದುರುಬದುರು ನಿಂತಿವೆ. ಇಷ್ಟವಾದರೆ ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974).

ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಸ್ಟಾರ್ ಆಗಿದ್ದ ರಾಜ್ ಇಲ್ಲಿ ಸಾಮಾನ್ಯ ಮೇಷ್ಟ್ರು. ಹೆಂಡತಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಹರಿಣಿ ಆ ಪಾತ್ರ ಮಾಡಿದ್ದಾರೆ. ಅರವತ್ತು ವರ್ಷದ ಹಿಂದಿನ ಸಿನಿಮಾ ಇಷ್ಟು ಮೆಲುದನಿಯಲ್ಲಿ ಮಾತಾಡುತ್ತದೆ ಅಂತ ನೀವು ಅಂದುಕೊಂಡಿರುವುದಿಲ್ಲ. ಇದೇ ಲಕ್ಷ್ಮೀನಾರಾಯಣ್ 1985ರಲ್ಲಿ ‘ಬೆಟ್ಟದ ಹೂವು’ ಮಾಡಿದರು. ಪುಟ್ಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಓದುವ ಆಸೆಯ ಬಡ ಹುಡುಗನ ಕಥೆ. ಪುನೀತ್ ಅಂದರೆ ‘ಅಪ್ಪು’, ‘ಜಾಕಿ’ ಮಾತ್ರ ಗೊತ್ತಿರುವವರಿಗೆ ನಾನು ಕಡ್ಡಾಯ ಮಾಡುವ ಸಿನಿಮಾ ಇದು.

ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಸೋಫಾ ಮೇಲೆ ಕೂರಿಸಬೇಕಾ? ‘ಕಾಮನಬಿಲ್ಲು’ (1983) ಹಾಕಿ. ರಾಜ್, ಅನಂತ್‌ನಾಗ್, ಸರಿತಾ ಮೂವರೂ ಇದ್ದಾರೆ.

ಅಮ್ಮನ ಅನಂತ್‌ನಾಗ್

ಅನಂತ್‌ನಾಗ್ ಅವರಷ್ಟು ಬೇರೆ ಬೇರೆ ಥರದ ನಿರ್ದೇಶಕರಿಗೆ ಒಗ್ಗಿದ ನಟ ಕನ್ನಡದಲ್ಲಿ ಅಪರೂಪ. ಒಂದು ಕಡೆ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975), ಸಂಗೀತಗಾರನ ಹಟದ ಕಥೆ. ಇನ್ನೊಂದು ಕಡೆ ದೊರೆ–ಭಗವಾನ್ ಅವರ ‘ಬಯಲು ದಾರಿ’ (1976), ‘ಚಂದನದ ಗೊಂಬೆ’ (1979). ಅಮ್ಮನ ಪ್ರೀತಿ ಹುಟ್ಟಿದ್ದು ಬಹುಶಃ ಈ ಎರಡರಲ್ಲೇ. ಅಂದಿನ ಹುಡುಗಿಯರ ಕನಸಿನ ಹುಡುಗ ಅವರು. ನೀವು ಇವನ್ನು ಅಮ್ಮನ ಜೊತೆಗೇ ನೋಡಿ, ಒಬ್ಬರೇ ನೋಡಿದರೆ ನಿಧಾನ ಅನ್ನಿಸಬಹುದು.

ತಮ್ಮ ಶಂಕರ್‌ನಾಗ್ ನಿರ್ದೇಶನದಲ್ಲಿ ಅವರು ಹೆಚ್ಚು ಚುರುಕು. ‘ಮಿಂಚಿನ ಓಟ’ (1980) ನೋಡಿ. ಕಾರು ಕದಿಯುವವರ ಪಾತ್ರದಲ್ಲಿ ಅಣ್ಣತಮ್ಮ ಇಬ್ಬರೂ, ಜೊತೆಗೆ ಲೋಕನಾಥ್. ಮೂವರ ಆಟ ನೋಡುವುದೇ ಚಂದ. ‘ಆಕ್ಸಿಡೆಂಟ್’ (1985) ನಿಮಗೆ ಖಂಡಿತ ಹಿಡಿಸುತ್ತದೆ. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತದೆ. ಅನಂತ್‌ನಾಗ್ ಅವನ ಅಪ್ಪ, ರಾಜಕಾರಣಿ. ಪತ್ರಿಕೆ, ಪೊಲೀಸ್, ಅಧಿಕಾರ ಎಲ್ಲವೂ ಹೇಗೆ ತಿರುಗುತ್ತವೆ ಅಂತ ಶಂಕರ್ ತೋರಿಸಿದ್ದು ಇವತ್ತಿನ ಸುದ್ದಿಯ ಹಾಗೇ ಇದೆ. ಬದುಕುಳಿದ ಸಾಕ್ಷಿಯಾಗಿ ರಮೇಶ್ ಭಟ್ ಮರೆಯುವ ಹಾಗಿಲ್ಲ. ಶಂಕರ್ 1990ರಲ್ಲಿ ರಸ್ತೆ ಅಪಘಾತದಲ್ಲೇ ಹೋದರು. ಹೀಗಾಗಿ ಈಗ ಈ ಸಿನಿಮಾ ನೋಡುವಾಗ ಮನಸ್ಸಿಗೆ ಏನೋ ಆಗುತ್ತದೆ.

ಕಾಮಿಡಿಗೆ ಬನ್ನಿ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990). ಒಂದು ವಠಾರ. ಬಾಡಿಗೆದಾರರನ್ನು ಕಾಡುವ ಮಾಲೀಕನಾಗಿ ಮುಖ್ಯಮಂತ್ರಿ ಚಂದ್ರು. ಎದುರು ಸಿಕ್ಕಾಗಲೆಲ್ಲ ಜಗಳವಾಡುವ ಅನಂತ್‌ನಾಗ್ ಮತ್ತು ವಿನಯಾ ಪ್ರಸಾದ್ ಬೇರೆ ಹೆಸರಿನಲ್ಲಿ ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ, ಯಾರು ಯಾರಿಗೆ ಅಂತ ಇಬ್ಬರಿಗೂ ಗೊತ್ತಿಲ್ಲ. ಒಂದು ಅಶ್ಲೀಲ ಮಾತಿಲ್ಲದೆ ಎರಡು ಗಂಟೆ ನಗಿಸುವುದು ಸುಲಭವಲ್ಲ. ‘ಗೌರಿ ಗಣೇಶ’ (1991), ‘ಉಂಡೂ ಹೋದ ಕೊಂಡೂ ಹೋದ’ (1992) ಆಮೇಲಿನ ಊಟ.

ದೇಸಾಯಿ ನೆನಪಿದ್ದಾರಲ್ವಾ? ಅದೇ ಥ್ರಿಲ್ಲರ್ ನಿರ್ದೇಶಕ 1995ರಲ್ಲಿ ‘ಬೆಳದಿಂಗಳ ಬಾಲೆ’ ಮಾಡಿದರು. ಅನಂತ್‌ನಾಗ್ ಚೆಸ್ ಆಟಗಾರ. ಫೋನಿನಲ್ಲಿ ಬರೀ ದನಿಯಾಗಿ ಬರುವ ಹುಡುಗಿ ತನ್ನನ್ನು ಹುಡುಕು ಅಂತ ಸವಾಲು ಹಾಕುತ್ತಾಳೆ. ಪ್ರೇಮಕಥೆಯನ್ನು ಪತ್ತೇದಾರಿ ಥರ ಹೇಳಿದ್ದಾರೆ. ನಿರ್ದೇಶಕರ ಹೆಸರು ಬರೆದುಕೊಳ್ಳಿ ಅಂತ ನಾನು ಹೇಳಿದ್ದು ಇದಕ್ಕೇ. ನಟನ ಪಟ್ಟಿಯಲ್ಲಿ ಹುಡುಕಿದ್ದರೆ ಇದು ‘ರೊಮ್ಯಾನ್ಸ್’ ಖಾನೆಯಲ್ಲಿ ಮರೆಯಾಗಿರುತ್ತಿತ್ತು.

ಈಚಿನ ಅನಂತ್‌ನಾಗ್ ಅಂದರೆ ಹೇಮಂತ್ ರಾವ್. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಮರೆವಿನ ಕಾಯಿಲೆ ಇರುವ ಅಪ್ಪ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ‘ಕವಲುದಾರಿ’ಯಲ್ಲಿ ನಿವೃತ್ತ ಪೊಲೀಸ್. ಮುಖದ ಒಂದು ಸ್ನಾಯು ಅಲುಗಿಸಿ ಇಡೀ ದೃಶ್ಯ ಗೆಲ್ಲುತ್ತಾರೆ.

ಪುಟ್ಟಣ್ಣ ಎಂಬ ಬೇರೆ ಖಾನೆ

ನಿಮ್ಮ ಪ್ರಶ್ನೆಯಲ್ಲಿ ನಾಯಕಿಯರ ಹೆಸರೇ ಇಲ್ಲ. ತಪ್ಪು ನಿಮ್ಮದಲ್ಲ, ಪಟ್ಟಿಗಳು ಹಾಗೇ ಇರುತ್ತವೆ. 1967ರಿಂದ 1985ರಲ್ಲಿ ತೀರಿಕೊಳ್ಳುವ ತನಕ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಮಾಡಿದ ಸಿನಿಮಾಗಳಲ್ಲಿ ಬಹುಪಾಲು ಹೆಣ್ಣಿನ ಕಥೆಗಳು. ಕಾದಂಬರಿಯನ್ನು ಹುಡುಕಿ ತರುತ್ತಿದ್ದರು. ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ತ್ರಿವೇಣಿ ಅವರದು. ‘ಗೆಜ್ಜೆ ಪೂಜೆ’ (1969) ಎಂ.ಕೆ. ಇಂದಿರಾ ಅವರದು. ಮೂರರಲ್ಲೂ ಕಲ್ಪನಾ.

‘ಶರಪಂಜರ’ದ ಕಾವೇರಿ ಬಾಣಂತನದ ಸಮಯದಲ್ಲಿ ಮಾನಸಿಕವಾಗಿ ಕುಸಿಯುತ್ತಾಳೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆರೆಯವರು ಯಾರೂ ಅವಳನ್ನು ಗುಣವಾದವಳು ಅಂತ ಒಪ್ಪುವುದಿಲ್ಲ. ಐವತ್ತು ವರ್ಷ ದಾಟಿದರೂ ಈ ವಿಷಯದಲ್ಲಿ ನಾವು ಎಷ್ಟು ಮುಂದೆ ಬಂದಿದ್ದೇವೆ ಹೇಳಿ? ಕಲ್ಪನಾ ಅಭಿನಯ ಕೆಲವು ಕಡೆ ಏರುದನಿ ಅನ್ನಿಸಬಹುದು. ಅದು ಆ ಕಾಲದ ಶೈಲಿ, ಮೊದಲ ಅರ್ಧ ಗಂಟೆ ಸಹಿಸಿಕೊಳ್ಳಿ, ಕಿವಿ ಹೊಂದಿಕೊಳ್ಳುತ್ತದೆ.

ಆದರೆ ಪುಟ್ಟಣ್ಣ ಅವರನ್ನು ಶುರು ಮಾಡುವುದು ‘ನಾಗರಹಾವು’ (1972) ಮೂಲಕ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಚಿತ್ರದುರ್ಗದ ಕೋಟೆ ಇಲ್ಲಿ ಬರೀ ಹಿನ್ನೆಲೆ ಅಲ್ಲ, ಒಂದು ಪಾತ್ರವೇ. ವಿಷ್ಣುವರ್ಧನ್ ಸಿಟ್ಟಿನ ರಾಮಾಚಾರಿ, ಕೆ.ಎಸ್. ಅಶ್ವಥ್ ಚಾಮಯ್ಯ ಮೇಷ್ಟ್ರು, ಸಣ್ಣ ಪಾತ್ರದಲ್ಲಿ ಜಲೀಲನಾಗಿ ಬಂದ ಹೊಸ ಹುಡುಗ ಅಂಬರೀಶ್. ಒಂದೇ ಸಿನಿಮಾದಿಂದ ಇಬ್ಬರು ಸ್ಟಾರ್‌ಗಳು ಹುಟ್ಟಿದರು. ಆಮೇಲೆ ಜಯಂತಿ ಅಭಿನಯದ ‘ಎಡಕಲ್ಲು ಗುಡ್ಡದ ಮೇಲೆ’ (1973), ಆರತಿ ಅಭಿನಯದ ‘ರಂಗನಾಯಕಿ’ (1981). ‘ಎಡಕಲ್ಲು’ ಹೆಣ್ಣಿನ ಆಸೆಯ ಬಗ್ಗೆ ಅಂದು ಮಾತಾಡಿದಷ್ಟು ಇಂದಿನ ಎಷ್ಟು ಸಿನಿಮಾ ಮಾತಾಡುತ್ತವೆ ಅನ್ನುವುದು ಅನುಮಾನ.

ಅವಾರ್ಡ್ ಸಿನಿಮಾ ಭಯ

ನಿಧಾನ, ಕತ್ತಲು, ಯಾರೂ ಮಾತಾಡುವುದಿಲ್ಲ. ಇದೇ ಅಲ್ವಾ ನಿಮ್ಮ ಭಯ? ಕೆಲವಕ್ಕೆ ಅದು ನಿಜ. ಆದ್ದರಿಂದ ಮೊದಲೇ ‘ಸಂಸ್ಕಾರ’ (1970) ನೋಡಲು ಹೋಗಬೇಡಿ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಸೆನ್ಸಾರ್ ಮೊದಲು ತಡೆಹಿಡಿದು, ಆಮೇಲೆ ಬಿಟ್ಟ ಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಮುಖ್ಯವಾದ ಸಿನಿಮಾ ಹೌದು, ಆದರೆ ಅದು ಬಾಗಿಲು ಅಲ್ಲ.

ಬಾಗಿಲು ಅಂದರೆ ‘ಭೂತಯ್ಯನ ಮಗ ಅಯ್ಯು’ (1974). ‘ಬಂಗಾರದ ಮನುಷ್ಯ’ದ ಸಿದ್ದಲಿಂಗಯ್ಯನವರದೇ. ಗೊರೂರು ಅವರ ಕಥೆ. ಹಾಡು, ಹೊಡೆದಾಟ, ಪ್ರವಾಹ ಎಲ್ಲ ಇದೆ, ಜೊತೆಗೆ ಹಳ್ಳಿಯ ದ್ವೇಷ ಹೇಗೆ ತಲೆಮಾರು ದಾಟುತ್ತದೆ ಅನ್ನುವುದೂ ಇದೆ. ಲೋಕೇಶ್, ವಿಷ್ಣು, ಎಂ.ಪಿ. ಶಂಕರ್ ಮೂವರೂ ಪೈಪೋಟಿಗೆ ಬಿದ್ದವರಂತೆ ಅಭಿನಯಿಸಿದ್ದಾರೆ. ಅದಾದ ಮೇಲೆ ಲೋಕೇಶ್ ಅವರ ‘ಪರಸಂಗದ ಗೆಂಡೆತಿಮ್ಮ’ (1978). ಈ ಎರಡು ದಾಟಿದರೆ ಗಿರೀಶ್ ಕಾಸರವಳ್ಳಿ ಕಷ್ಟವಾಗುವುದಿಲ್ಲ.

ಕಾಸರವಳ್ಳಿ ಅವರಲ್ಲಿ ಮೊದಲು ‘ದ್ವೀಪ’ (2002). ಅಣೆಕಟ್ಟಿನ ನೀರು ಏರುತ್ತಿದೆ, ಒಂದು ಕುಟುಂಬ ಊರು ಬಿಡುವುದಿಲ್ಲ. ಸೌಂದರ್ಯ ನಿರ್ಮಿಸಿ ಅಭಿನಯಿಸಿದ್ದು. ಮಳೆಯನ್ನು ಇಷ್ಟು ಚೆನ್ನಾಗಿ ಕನ್ನಡದಲ್ಲಿ ಯಾರೂ ಚಿತ್ರಿಸಿಲ್ಲ. ‘ಮುಂಗಾರು ಮಳೆ’ (2006) ಅಭಿಮಾನಿಗಳು ಕ್ಷಮಿಸಬೇಕು. ಆಮೇಲೆ ‘ತಬರನ ಕಥೆ’ (1986), ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಪಿಂಚಣಿಗಾಗಿ ಅಲೆಯುವ ನಿವೃತ್ತ ಜವಾನನದು. ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅಲೆದವರಿಗೆ ಇದು ಯಾವ ಥ್ರಿಲ್ಲರ್‌ಗೂ ಕಮ್ಮಿ ಇಲ್ಲ. ಕೊನೆಗೆ ‘ಘಟಶ್ರಾದ್ಧ’ (1977). ಇದರ ಪ್ರಿಂಟ್ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರಿಂಟ್ ಎಲ್ಲಾದರೂ ದೊಡ್ಡ ತೆರೆಯಲ್ಲಿ ಬಂದರೆ ರಜೆ ಹಾಕಿ ಹೋಗಿ.

ಹೊಸಬರಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ (2016) ಅವಾರ್ಡ್ ಸಿನಿಮಾವೂ ಹೌದು, ಹೊಟ್ಟೆ ಹಿಡಿದು ನಗಿಸುವ ಕಾಮಿಡಿಯೂ ಹೌದು. ಮಂಡ್ಯದ ಹಳ್ಳಿಯ ಜನರೇ ಪಾತ್ರಧಾರಿಗಳು. ನಿಜ ಹೇಳಬೇಕೆಂದರೆ ನಿಮ್ಮ ಭಯಕ್ಕೆ ಮೊದಲ ಮದ್ದೇ ಇದು.

ಉಳಿದವರು, ಬೇಗ ಬೇಗ

ವಿಷ್ಣುವರ್ಧನ್: ರಾಜೇಂದ್ರ ಸಿಂಗ್ ಬಾಬು ನಿರ್ದೇಶನದ ‘ಬಂಧನ’ (1984), ‘ಮುತ್ತಿನ ಹಾರ’ (1990). ಎರಡರಲ್ಲೂ ಸುಹಾಸಿನಿ ಜೋಡಿ. ಅಂಬರೀಶ್: ಅದೇ ಬಾಬು ಅವರ ‘ಅಂತ’ (1981). ಹಿಂಸೆಯ ದೃಶ್ಯಗಳು ಜೋರಾಗಿವೆ, ಮಕ್ಕಳ ಜೊತೆ ಬೇಡ. ರವಿಚಂದ್ರನ್: ‘ಪ್ರೇಮಲೋಕ’ (1987), ಹಂಸಲೇಖ ಹಾಡುಗಳಿಗಾಗಿ. ಮೊದಲ ಸಲ ನೋಡುವವರಿಗೆ ಕಥೆ ತೆಳು ಅನ್ನಿಸುತ್ತದೆ, ಹಾಡುಗಳನ್ನು ಹಿಡಿದುಕೊಂಡು ಹೋಗಿ. ಶಿವರಾಜ್‌ಕುಮಾರ್: ಉಪೇಂದ್ರ ನಿರ್ದೇಶನದ ‘ಓಂ’ (1995), ನಾಗಾಭರಣ ಅವರ ‘ಜನುಮದ ಜೋಡಿ’ (1996). ಲಾಂಗು (ಉದ್ದನೆಯ ಮಚ್ಚು) ಹಿಡಿಯುವ ಕನ್ನಡ ಸಿನಿಮಾಗಳಿಗೆಲ್ಲ ‘ಓಂ’ ತಾತ. ಅಲ್ಲಿಂದ ‘ಜೋಗಿ’ (2005), ‘ದುನಿಯಾ’ (2007), ‘ಆ ದಿನಗಳು’ (2007), ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ತನಕ ಒಂದೇ ನೇರ ದಾರಿ. ಜಗ್ಗೇಶ್: ಗುರುಪ್ರಸಾದ್ ನಿರ್ದೇಶನದ ‘ಮಠ’ (2006), ‘ಎದ್ದೇಳು ಮಂಜುನಾಥ’ (2009). ಮಾತೇ ಇಲ್ಲಿ ಬಂಡವಾಳ, ಸಬ್‌ಟೈಟಲ್ ನಂಬಿದರೆ ಅರ್ಧ ನಗು ಹೋಗುತ್ತದೆ. ಗೊತ್ತಾಗದ ಮಾತು ಬಂದರೆ ನಿಲ್ಲಿಸಿ ಅಪ್ಪನನ್ನು ಕೇಳಿ.

ದ್ವಾರಕೀಶ್ ಮತ್ತು ವಿಷ್ಣು ಜೋಡಿಯ ‘ಗುರು ಶಿಷ್ಯರು’ (1981) ಹಳೆಯ ಕಾಮಿಡಿಗಳಲ್ಲಿ ಇಂದಿಗೂ ಕೆಲಸ ಮಾಡುತ್ತದೆ. ನರಸಿಂಹರಾಜು, ಬಾಲಕೃಷ್ಣ ಅವರಿಗಾಗಿ ಪ್ರತ್ಯೇಕ ಸಿನಿಮಾ ಹುಡುಕಬೇಡಿ. ಅರವತ್ತರ ದಶಕದ ಯಾವ ರಾಜ್ ಸಿನಿಮಾ ಹಾಕಿದರೂ ಬಹುತೇಕ ಇಬ್ಬರಲ್ಲಿ ಒಬ್ಬರು ಸಿಗುತ್ತಾರೆ.

ನೋಡುವ ಮೊದಲು

ಒಳ್ಳೆಯ ಸಿನಿಮಾ ಕೆಟ್ಟ ಪ್ರಿಂಟ್‌ನಲ್ಲಿ ನೋಡಿ ‘ಬೋರು’ ಅಂದುಬಿಡುವುದು ಜಾಸ್ತಿ. ಯೂಟ್ಯೂಬಿನಲ್ಲಿ ಒಂದೇ ಸಿನಿಮಾದ ಹಲವು ಅಪ್‌ಲೋಡ್ ಇರುತ್ತವೆ. ಮೊದಲು ಸಿಕ್ಕಿದ್ದನ್ನೇ ಒತ್ತಬೇಡಿ. ಅವಧಿ ಹೋಲಿಸಿ, ಉದ್ದವಾದದ್ದನ್ನು ಆರಿಸಿ. ಟಿವಿಗಾಗಿ ಕತ್ತರಿಸಿದ ಕಾಪಿಗಳಲ್ಲಿ ಹಾಡೂ ಹೋಗಿರುತ್ತದೆ, ಕೆಲವೊಮ್ಮೆ ಕಥೆಯ ಕೊಂಡಿಯೂ ಹೋಗಿರುತ್ತದೆ. ದನಿ ಸ್ಪಷ್ಟವಾಗಿದೆಯಾ ಅಂತ ಎರಡು ನಿಮಿಷ ಹೆಡ್‌ಫೋನ್ ಹಾಕಿ ಪರೀಕ್ಷಿಸಿ.

‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ‘ಹರಿಶ್ಚಂದ್ರ’ವನ್ನು ಬಣ್ಣದಲ್ಲೇ ನೋಡಿ, ಅರಮನೆ, ಆಭರಣಗಳಿಗೆ ಅದು ಒಪ್ಪುತ್ತದೆ. ‘ಕಸ್ತೂರಿ ನಿವಾಸ’ ಮಾತ್ರ ಕಪ್ಪು ಬಿಳುಪಿನಲ್ಲೇ ನೋಡಿ. ಆ ಮನೆ ಬರಿದಾಗುವುದು ನೆರಳಿನಲ್ಲೇ ಚೆನ್ನಾಗಿ ಕಾಣುತ್ತದೆ.

ಮೊದಲ ಐದು ಯಾವುದು ಅಂತ ಕೇಳಿದರೆ ಈ ಸಾಲು: ‘ನಿಷ್ಕರ್ಷ’, ‘ಗಣೇಶನ ಮದುವೆ’, ‘ನಾಗರಹಾವು’, ‘ಆಕ್ಸಿಡೆಂಟ್’, ‘ಕಸ್ತೂರಿ ನಿವಾಸ’. ಇದರಲ್ಲಿ ಯಾವುದು ಹಿಡಿಸಿತೋ ಅದರ ನಿರ್ದೇಶಕರ ಇನ್ನೊಂದು ಸಿನಿಮಾ ಆರನೆಯದು.